ಬಿಳಿಗಲ್ಲಿನ ಎರಡನೇ ಹಗ್ಗ

ಜೂನ್ 2, ಸೋಮವಾರ. ಸಂಜೆ

ಮತ್ತೆ ಅದೇ. ಐದಕ್ಕೆ ಚಹಾ, ಐದೂಕಾಲಿಗೆ ಬೆಟ್ಟ. ಮಾವ ಬಾಲ್ಕನಿಯ ಕುರ್ಚಿಯಲ್ಲಿ ಕೂತರೆಂದರೆ ಆಸ್ಟ್ರಿಯಾ ಶುರು. ಇವತ್ತು ತೆಲಂಗಾಣ ದಿನದ ರಜೆ, ವಿಶ್ವನೂ ಮನೆಯಲ್ಲೇ. ಪಕ್ಕದಲ್ಲಿ ಕೂತು, ಅತ್ತೆಗೆ ಕಾಣದ ಹಾಗೆ ನನ್ನ ಕಿರುಬೆರಳು ಹಿಡಿದುಕೊಂಡಿದ್ದ. ಮದುವೆಯಾಗಿ ಎಂಬತ್ತೊಂಬತ್ತು ದಿನ. ಎಣಿಸುವುದನ್ನು ನೂರಕ್ಕೆ ನಿಲ್ಲಿಸುತ್ತೇನೆ. ಪ್ರಾಮಿಸ್.

ಬೆಟ್ಟಕ್ಕೆ ಜರ್ಮನ್ ಹೆಸರು ಏನೋ ಇದೆ, ನನ್ನ ನಾಲಿಗೆಗೆ ಸಿಗುವುದಿಲ್ಲ. ಮಾವ ಕನ್ನಡದಲ್ಲಿ ಬಿಳಿಗಲ್ಲು ಅಂತ ಇಟ್ಟಿದ್ದಾರೆ. ಕೆಳಗೆ ಸರೋವರ, ಅದರ ಅಂಚಿನಿಂದಲೇ ನೇರ ಮೇಲೆದ್ದ ಬೆಟ್ಟ. ನಡುವೆ ಒಂದು ಸೈಕಲ್ ಹೋಗುವಷ್ಟೂ ಜಾಗ ಇಲ್ಲವಂತೆ. 1984ರಲ್ಲಿ ಬಾಲಾನಗರದ ಕಾರ್ಖಾನೆಯವರು ಮಾವನನ್ನೂ ಅವರ ಗೆಳೆಯ ಅಮರೇಶಪ್ಪ ಕಾಕಾನನ್ನೂ ಆರು ತಿಂಗಳ ಟ್ರೇನಿಂಗಿಗೆ ಅಲ್ಲಿಗೆ ಕಳಿಸಿದ್ದರು. ಒಂದು ಭಾನುವಾರ ಇಬ್ಬರೂ ಕ್ಯಾನ್ವಾಸ್ ಶೂ ಹಾಕಿಕೊಂಡು ತುದಿ ಮುಟ್ಟಿ ಬಂದರು. ಇದು ಈ ಮನೆಯ ಪುರಾಣ.

"ಸುಣ್ಣದ ಕಲ್ಲಂದ್ರ ಏನು ತಿಳದೀಯವಾ?" ಮಾವ ಚಪ್ಪಲಿಯಿಂದ ನೆಲ ತಟ್ಟಿದರು. "ನಿನ್ನ ಕಾಲ ಕೆಳಗಿನ ಈ ಶಹಾಬಾದಿ ಫರಸಿ ಐತೆಲ್ಲಾ, ಇದೂ ಸುಣ್ಣದ ಕಲ್ಲ. ಒಂದ್ ಕಾಲಕ್ಕ ಸಮುದ್ರದ ತಳ. ಇಲ್ಲಿ ಮಲ್ಕೊಂಡೈತಿ, ಅಲ್ಲಿ ಎದ್ದು ನಿಂತೈತಿ. ಅಷ್ಟ ಫರಕು."

"ಬಲ್ಬ್ ಹಾಕ್ರೀ ಅಂದ್ರ ಸ್ಟೂಲ್ ಹತ್ತಂಗಿಲ್ಲ, ಸಮುದ್ರ ಎಬ್ಬಿಸಿ ನಿಲ್ಲಸ್ತಾರ," ಅತ್ತೆ ಅಡುಗೆಮನೆಯಿಂದ.

ಎಲ್ಲರೂ ಒಳಗೆ ಹೋದ ಮೇಲೆ ಫರಸಿಯ ಮೇಲೆ ಅಂಗಾತ ಮಲಗಿದೆ. ತಂಪು. ಕಣ್ಣು ಮುಚ್ಚಿದರೆ ಮೇಲೆ ನೀರು, ನೀರಿನ ಮೇಲೆಲ್ಲೋ ಬೆಳಕು, ಕಾಚಿಗೂಡ ಸ್ಟೇಷನ್ನಿನ ಅನೌನ್ಸ್‌ಮೆಂಟು ದೊಡ್ಡದೊಂದು ಮೀನಿನ ಹಾಗೆ ನಿಧಾನ ತೇಲಿ ಹೋಯಿತು... ವಿಶ್ವ ಬಂದು ನಿಂತ.

"ಏನ್ ಮಾಡಾಕತ್ತಿ?"

"ಸಮುದ್ರದಾಗ ಅದೀನಿ."

ಒಂದೂ ಪ್ರಶ್ನೆ ಕೇಳದೆ ಅವನೂ ಪಕ್ಕದಲ್ಲಿ ಮಲಗಿದ. ಇಂಥವನನ್ನು ಕಟ್ಟಿಕೊಂಡಿದ್ದೇನೆ ನಾನು!!

ಆಗಸ್ಟ್ 28ಕ್ಕೆ ಹನಿಮೂನ್. ಜನ ಮಾಲ್ಡೀವ್ಸ್‌ಗೆ ಹೋಗುತ್ತಾರೆ, ನಾವು ಬಿಳಿಗಲ್ಲಿಗೆ. ತುದಿಯಲ್ಲಿ ಒಂದು ಪುಸ್ತಕ ಇದೆಯಂತೆ. ಹತ್ತಿದವರು ಅದರಲ್ಲಿ ಹೆಸರು ಬರೆಯುವುದು ಅಲ್ಲಿಯ ರೂಢಿ. ಪುಸ್ತಕ ತುಂಬಿದರೆ ಬೆಟ್ಟದ ತಂಗುಮನೆಯಲ್ಲಿ ಜೋಪಾನ ಮಾಡುತ್ತಾರೆ. ಪಪ್ಪಾ ಬರೆದ ಹೆಸರು ನೋಡಬೇಕು, ತುದಿಯಲ್ಲಿ ತನ್ನದನ್ನೂ ಬರೆಯಬೇಕು. ವಿಶ್ವನಿಗೆ ಇದು ಹತ್ತನೇ ವಯಸ್ಸಿನಿಂದ ಇರುವ ಆಸೆ. ನಾನು ಸರೋವರದ ದಂಡೆಯಲ್ಲಿ ಐಸ್‌ಕ್ರೀಮ್ ತಿನ್ನುತ್ತ ಕೈ ಬೀಸುತ್ತೇನೆ.

ಡೈರಿ ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಇದೆ. ರಾಯಚೂರಿನ ಕಾನ್ವೆಂಟಿನಲ್ಲಿ ಎಲ್ಲ ಇಂಗ್ಲಿಷ್, ಆದರೂ ಕನ್ನಡದ ಪೀರಿಯಡ್ ಒಂದಿತ್ತು. ವಿಶ್ವ ಹೈದರಾಬಾದಿನಲ್ಲೇ ಹುಟ್ಟಿ ಶಾಲೆಯಲ್ಲಿ ತೆಲುಗು ತೆಗೆದುಕೊಂಡವನು. ಮನೆಯಲ್ಲಿ ಇಷ್ಟು ಚೆಂದ ಕನ್ನಡ ಮಾತಾಡುತ್ತಾನೆ, ಒಂದಕ್ಷರ ಓದಲು ಬರುವುದಿಲ್ಲ. ಹಾಗಾಗಿ ಅವನ ಗೊರಕೆಯ ಬಗ್ಗೆ ಇಲ್ಲಿ ಧಾರಾಳವಾಗಿ ಬರೆಯಬಹುದು.

ಜೂನ್ 8, ಭಾನುವಾರ

ಮಾವನ ಜೊತೆ ಅಬಿಡ್ಸ್. ಮುಚ್ಚಿದ ಶಟರುಗಳ ಮುಂದೆ ಫುಟ್‌ಪಾತ್ ತುಂಬ ಹಳೆಯ ಪುಸ್ತಕ. ಮಾವ ಸುಮಾರು ನಲವತ್ತು ವರ್ಷದಿಂದ ಬರುತ್ತಿದ್ದಾರೆ. "ಸಾಬ್, ಇಸ್ ಹಫ್ತೆ ಪಹಾಡ್ ಕುಚ್ ನೈ ಆಯಾ," ಅಂತ ದೂರದಿಂದಲೇ ಒಬ್ಬ ಕೂಗಿದ. ಪರ್ವತದ ಪುಸ್ತಕ ಯಾವುದು ಬಂದರೂ ಅವರಿಗೆಂದೇ ಎತ್ತಿಡುತ್ತಾರಂತೆ. ಮನೆಯ ಟ್ರಂಕಿನಲ್ಲಿ ಇಂಥವೇ ತುಂಬಿವೆ. ಜರ್ಮನ್ ಪುಸ್ತಕ ಸಿಕ್ಕರೆ ಡಿಕ್ಷನರಿ ಹಿಡಿದು ವರ್ಷಗಟ್ಟಲೆ ಓದುತ್ತಾರೆ.

ವಾಪಸ್ ಬರುವಾಗ ಆಟೋದಲ್ಲಿ ಇಡೀ ಇತಿಹಾಸ. ಬಿಳಿಗಲ್ಲಿನ ತುದಿಗೆ ಮೊದಲು ಹೋದವನು ಒಬ್ಬ ಬೇಟೆಗಾರ, ಕಾಡುಮೇಕೆ ಬೆನ್ನಟ್ಟಿ.

"ತುದಿ ಬಂತಂತ ಅವಗ ಗೊತ್ತ ಇರ್ಲಿಲ್ಲ. ಮೇಕೆ ಇತ್ತಾಗ ಹೋತು, ಇವ ಅತ್ತಾಗ ಸರೋವರ ನೋಡ್ಕೋತ ನಿಂತ. ಮನೀಗೆ ಖಾಲಿ ಕೈಯಾಗ ಹೋಗಿ ಹೇಂತಿ ಕಡೆ ಬೈಸ್ಕೊಂಡ."

ಆಮೇಲೆ ಸರ್ವೆಯವರು ಬಂದು ಕಂಬ ನೆಟ್ಟರು. ಆಮೇಲೆ ಬೇಕರಿಯವನ ಮಗಳು! ಉದ್ದ ಲಂಗವನ್ನು ಎತ್ತಿ ಪಿನ್ ಹಾಕಿಕೊಂಡು ಹತ್ತಿದಳಂತೆ. ಜೊತೆಗಿದ್ದ ಗಂಡಸರು ಪುಸ್ತಕದಲ್ಲಿ ತಮ್ಮ ಹೆಸರು ಮಾತ್ರ ಹಾಕಿದರು. ಮರುದಿನ ಒಬ್ಬಳೇ ಮತ್ತೆ ಹತ್ತಿ ತನ್ನ ಹೆಸರು ತಾನೇ ಬರೆದು ಬಂದಳು. (ಇವತ್ತಿನಿಂದ ಇವಳು ನನ್ನ ಹೀರೋಯಿನ್.) ಅದಾದ ಮೇಲೆ ಕಡಿದಾದ ಮೂರು ಜಾಗಗಳಲ್ಲಿ ಕಬ್ಬಿಣದ ಹಗ್ಗ ಬಿಗಿದರು, ಹಿಡಿದುಕೊಂಡು ಹತ್ತಲಿಕ್ಕೆ. ಈಗ ಎಲ್ಲರೂ ಹೋಗುವುದು ಆ ದಾರಿಯಲ್ಲಿ. ಕೊನೆಗೆ ಉಳಿದದ್ದು ಸರೋವರದ ಕಡೆಯ ಗೋಡೆ. ಹಗ್ಗ ಇಲ್ಲ, ದಾರಿ ಇಲ್ಲ. ಇಬ್ಬರು ಅಣ್ಣತಮ್ಮಂದಿರು ಹತ್ತಿದರು. ಊರಿಗೆ ಮರಳಿದ್ದು ಒಬ್ಬ.

"ಸುಣ್ಣದ ಕಲ್ಲು ನಂಬಿಗಸ್ತ ಅಲ್ಲವಾ. ಮಳಿ ಬಿದ್ರ ಸಾಬೂನು, ಒಣಗಿದ್ರ ಚಾಕು. ನಮ್ಮ ಗೋಲ್ಕೊಂಡದ ಬಂಡಿಗಲ್ಲು ಹಂಗಲ್ಲ, ಅಂಗೈ ಇಟ್ರ ಹಿಡಕೋತಾವು."

ಹೇಳುವಾಗ ಅವರ ಬೆರಳುಗಳು ಗಾಳಿಯಲ್ಲಿ ಹಿಡಿ ಹುಡುಕುತ್ತಿದ್ದವು. ಕಣ್ಣು ಎಲ್ಲೋ. ಹಿಂದೆ ಹಾರ್ನ್, ಹೊಗೆ, ಮುಂದೆ ಬಸ್ಸು... ನಾವಿಬ್ಬರು ಮಾತ್ರ ಬಿಳಿ ಕಲ್ಲಿನ ಮೇಲೆ, ಕೆಳಗೆ ನೀಲಿ.

ಆಗಲೇ ಹೊಳೆಯಿತು! ಆಗಸ್ಟ್ 10ಕ್ಕೆ ಮಾವನಿಗೆ ಎಪ್ಪತ್ತು ತುಂಬಿ ಭೀಮರಥ ಶಾಂತಿ. ಆ ಪುಸ್ತಕದ 1984ರ ಪುಟದ ಫೋಟೋ ತರಿಸಿ, ಫ್ರೇಮ್ ಹಾಕಿಸಿ, ಎಲ್ಲರ ಮುಂದೆ ಕೊಟ್ಟರೆ? ತಂಗುಮನೆಯ ಈಮೇಲ್ ವೆಬ್‌ಸೈಟಿನಲ್ಲಿ ಸಿಕ್ಕಿತು. ಬರೆದೇಬಿಟ್ಟೆ. ಯಾರಿಗೂ ಹೇಳಿಲ್ಲ. ವಿಶ್ವನಿಗೂ.

ಜೂನ್ 25, ಬುಧವಾರ

ಉತ್ತರ ಇಲ್ಲ.

ನಾಳೆಯಿಂದ ಆಷಾಢ. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಸೂರಿನ ಕೆಳಗೆ ಇರಬಾರದು. ಒಂದು ತಿಂಗಳು ರಾಯಚೂರು. "ಯಾವ ಶತಮಾನದಾಗ ಅದೀವ್ರೀ ಅತ್ತಿ?" ಅಂದೆ. "ಶತಮಾನ ಬ್ಯಾರೆ, ಆಷಾಢ ಬ್ಯಾರೆ. ನನಗೂ ಒಂದು ತಿಂಗಳು ಅಡಗಿಮನಿ ನಂದಾ ಆಗ್ಲಿ," ಅಂದರು. ನಗುತ್ತಲೇ. ಚೀಲಕ್ಕೆ ಅಗಸಿ ಚಟ್ನಿಪುಡಿ ತುರುಕಿದರು.

ವಿಶ್ವನ ಒಂದು ಟೀ ಶರ್ಟ್ ಕದ್ದಿದ್ದೇನೆ. ಒಗೆಯದ್ದು.

ಜುಲೈ 6, ಭಾನುವಾರ. ರಾಯಚೂರು

ಬಂತು ಬಂತು ಬಂತು!!

ತಂಗುಮನೆ ನೋಡಿಕೊಳ್ಳುವ ಹೆಂಗಸು ಬರೆದಿದ್ದಾಳೆ, ತಡವಾದದ್ದಕ್ಕೆ ಕ್ಷಮೆ ಕೇಳಿ, ಪುಟದ ಫೋಟೋ ಸೇರಿಸಿ. ಈ ಪುಟ ಅವರಲ್ಲಿ ಬಹಳ ಪ್ರಸಿದ್ಧವಂತೆ, ಬಂದವರಿಗೆಲ್ಲ ತೋರಿಸುತ್ತಾರಂತೆ. ಯಾವ ಲಿಪಿ, ಏನು ಬರೆದಿದೆ, ನಲವತ್ತು ವರ್ಷದಿಂದ ಯಾರಿಗೂ ಗೊತ್ತಿಲ್ಲ. "ಪ್ರಾರ್ಥನೆ ಇರಬೇಕು ಅಂದುಕೊಂಡಿದ್ದೇವೆ. ದಯವಿಟ್ಟು ಅರ್ಥ ತಿಳಿಸಿ."

ಕನ್ನಡ! ಆ ಎತ್ತರದಲ್ಲಿ ಕನ್ನಡ! ಅಮ್ಮನನ್ನು ಕೂಗಲು ಬಾಯಿ ತೆರೆದವಳು, ಸರಿ, ಮೊದಲು ಪೂರ್ತಿ ಓದೋಣ ಅಂತ ಕೂತೆ.

ಅದೇ ದಿನ, ಮಧ್ಯಾಹ್ನ

ನಾಲ್ಕು ಸಲ ಓದಿದೆ. ಇಲ್ಲಿ ಇಳಿಸುತ್ತೇನೆ. ಇಳಿಸಿದರೆ ಬೇರೆ ಅರ್ಥ ಕಾಣಬಹುದು.

"೧೯-೮-೧೯೮೪. ಅಮರೇಶಪ್ಪ, ತಾಲೂಕ ಬಸವಕಲ್ಯಾಣ, ಜಿಲ್ಲಾ ಬೀದರ. ನನ್ನ ಸಂಗಾತಿ ವೆಂಕಟೇಶ ಕೆಳಗೆ ಎರಡನೇ ಕಬ್ಬಿಣ ಹಗ್ಗದ ಹತ್ತಿರ ಕೂತಿದ್ದಾನೆ. ಕಾಲು ನಡುಗುತ್ತಿವೆ, ಕೈ ಬಿಡಲಿಕ್ಕೆ ಬರುತ್ತಿಲ್ಲ. ಇಬ್ಬರೂ ಇಳಿಯೋಣ ಎಂದೆ. ಬೇಡ, ನೀನು ನೋಡಿ ಬಂದು ನನಗೆ ಹೇಳು ಎಂದ. ಅವನ ಹೆಸರನ್ನೂ ಇಲ್ಲಿ ಬರೆದಿದ್ದೇನೆ. ಇಲ್ಲಿಂದ ಸರೋವರ ಪೂರಾ ಕಾಣುತ್ತದೆ. ಹೇಗೆ ಹೇಳಬೇಕೋ ನನಗೆ ತಿಳಿಯದು."

ಕೆಳಗೆ ಎರಡು ಹೆಸರು, ಕಾಕಾನದು, ಮಾವನದು. ಎರಡೂ ಒಂದೇ ಕೈಬರಹ.

ಬೇರೆ ಅರ್ಥ ಇಲ್ಲ.

ಜುಲೈ 7

ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೇನೆ. ಯಾರು ಕೇಳಿದ್ದರು ನನ್ನ ಸರ್‌ಪ್ರೈಸು.

ಜುಲೈ 13, ಭಾನುವಾರ

ವಿಶ್ವ ಬಂದಿದ್ದ! ಆಷಾಢದಲ್ಲಿ ಅಳಿಯ ಕಾಲಿಡಬಾರದು. ಇವನು ಕಾಚಿಗೂಡದಲ್ಲಿ ಬೆಳಗಿನ ರೈಲು ಹತ್ತಿ, ಬಾಗಿಲಲ್ಲಿ ನಿಂತು, "ನಾ ಅಳಿಯ ಅಲ್ರೀ, ಕೊರಿಯರ್ ತಂದೀನಿ," ಅಂದ. ಅಮ್ಮ ಬೈಯುತ್ತಲೇ ಹೋಳಿಗೆ ತಟ್ಟಿದಳು.

ಮಧ್ಯಾಹ್ನ ಇಬ್ಬರೂ ಕೋಟೆಯ ಗುಡ್ಡ ಹತ್ತಿದೆವು. ಕೆಳಗೆ ಕೆರೆ ತವರದ ತಗಡಿನ ಹಾಗೆ ಮಲಗಿತ್ತು. ಮೋಡ, ಗಾಳಿ, ಅವನ ಹೆಗಲು. ಹೀಗೇ ಇದ್ದುಬಿಟ್ಟರೆ ಯಾವ ಆಸ್ಟ್ರಿಯಾ ಬೇಕು ಅನಿಸಿತು. ಆಗ ಹೇಳಿದ.

"ಬುಕಿಂಗ್ ಬದಲಿ ಮಾಡೀನಿ, ದೀಪೂ. ಹಗ್ಗದ ದಾರಿ ಅಲ್ಲ. ಸರೋವರದ ಗೋಡೆ. ಗೈಡ್ ಇರ್ತಾನ."

"ಯಾಕ?"

"ಪಪ್ಪಾ ಹತ್ತಿದ ದಾರ್ಯಾಗ ಈಗ ಸಾಲಿ ಹುಡುಗ್ರೂ ಹೋಗ್ತಾರಂತ. ಅವ್ರು ಕ್ಯಾನ್ವಾಸ್ ಶೂನಾಗ ಹತ್ಯಾರ. ನಾ ಎಲ್ಲಾ ಸಾಮಾನು ಇಟ್ಕೊಂಡು ಅದನ್ನ ಹತ್ತಿದ್ರ ಏನ್ ಬಂತು?"

ಆಮೇಲೆ ನನ್ನ ಕಡೆ ನೋಡದೆ ಉಳಿದದ್ದನ್ನು ಹೇಳಿದ. ಹೋದ ವಾರ ಖಾಜಾಗುಡದ ಬಂಡೆಯಲ್ಲಿ ಪ್ರಾಕ್ಟೀಸ್ ಮಾಡುವಾಗ, ಮೂರಾಳೆತ್ತರದಲ್ಲಿ, ಅವನ ಕೈ ಕಲ್ಲಿಗೆ ಕಚ್ಚಿಕೊಂಡುಬಿಟ್ಟವು. ಬಿಡು ಅಂದರೆ ಬಿಡಲಾಗಲಿಲ್ಲ. ಕೋಚ್ ಮೇಲೆ ಹೋಗಿ ಒಂದೊಂದೇ ಬೆರಳು ಬಿಡಿಸಿ ಇಳಿಸಿದನಂತೆ. ಚಿಕ್ಕವನಿದ್ದಾಗ ಟೆರೇಸಿನ ಟ್ಯಾಂಕಿನ ಏಣಿಯಲ್ಲೂ ಹೀಗೇ ಆಗುತ್ತಿತ್ತು. "ಏನಪಾ, ಬೆಟ್ಟ ಹತ್ತಿದವನ ಮಗಾ ಹಿಂಗ ಅಂಜಿದ್ರ ಹೆಂಗ," ಅಂತ, ಪಪ್ಪಾ ಮನೆಯಲ್ಲಿಲ್ಲದಾಗ, ನೋಡಿದವರು ನಗುತ್ತಿದ್ದರು.

"ಹಂಗಾದ್ರ ಬ್ಯಾಡ ಬಿಡು!" ಅಂದೆ.

"ಆ ಮನಿಯಾಗ ಹುಟ್ಟಿ ನೋಡು. ಆಮ್ಯಾಲ ಹೇಳು, ಬಿಡು ಅಂತ."

ಹೇಳಿಬಿಡಬೇಕಿತ್ತು. ನಿನ್ನ ಕೈ ಹೇಗೋ ಅವರ ಕೈಯೂ ಹಾಗೇ ಅಂತ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ನನ್ನ ಮಾತಲ್ಲ. ನಾನು ಆ ಮನೆಗೆ ಬಂದು ನಾಲ್ಕು ತಿಂಗಳು.

ರೈಲು ಹೊರಟಾಗ ಕಿಟಕಿಯಿಂದ ಕೈ ಬೀಸಿದ. ಬೆರಳುಗಳನ್ನೇ ನೋಡುತ್ತ ನಿಂತೆ.

ಜುಲೈ 25, ಶುಕ್ರವಾರ. ಹೈದರಾಬಾದ್

ಶ್ರಾವಣ. ಮನೆ! ವಿಶ್ವ! ಅತ್ತೆ ಆರತಿ ಎತ್ತಿ, "ತವರಿನ್ಯಾಗ ಉಂಡಿದ್ದು ಕಾಣಂಗಿಲ್ಲಲ್ಲಾ, ಸೊರಗಿ ಬಂದೀ," ಅಂದರು. ಸೊರಗಿದ್ದು ಬೇರೆ ಕಾರಣಕ್ಕೆ.

ಐದೂಕಾಲಿಗೆ ಮಾವ ಶುರು ಮಾಡಿದರು. ನಾನು ಮೊದಲ ಸಲ ಕತೆ ಕೇಳದೆ ಮುಖ ನೋಡುತ್ತ ಕೂತೆ. ತುದಿಯ ಗಾಳಿ ಹೇಗೆ ಬೀಸುತ್ತದೆ, ಸರೋವರ ಬೆಳಿಗ್ಗೆ ಯಾವ ಬಣ್ಣ, ಮೋಡದ ನೆರಳು ಅದನ್ನು ದಾಟಲು ಎಷ್ಟು ಹೊತ್ತು... ವಿಶ್ವ ಬಾಯಿ ತೆರೆದು ಕೇಳುತ್ತಿದ್ದ. ಇಪ್ಪತ್ತು ವರ್ಷದಿಂದ ಕೇಳಿದ್ದನ್ನೇ.

ತಂಗುಮನೆಗೆ ಹೋದಾಗ ಅವನು ಪುಟ ನೋಡುತ್ತಾನೆ. ಓದಲು ಬರುವುದಿಲ್ಲ. ನನ್ನ ಕೈಗೆ ಕೊಡುತ್ತಾನೆ. ನಾನು ಏನು ಓದಿದರೂ ಅದೇ ಬರೆದದ್ದು. ಎಷ್ಟು ಸುಲಭ! ಎಷ್ಟು ಭಯ. ಆದರೆ ಅಷ್ಟು ಹೊತ್ತಿಗೆ ಗೋಡೆ ಹತ್ತಲು ಹಗ್ಗ ಕಟ್ಟಿಕೊಂಡಿರುತ್ತಾನೆ.

ಆಗಸ್ಟ್ 9, ಶನಿವಾರ

ಅಮರೇಶಪ್ಪ ಕಾಕಾ ಬಸವಕಲ್ಯಾಣದಿಂದ ಬಂದಿಳಿದರು. ದೊಡ್ಡ ಮೀಸೆ, ದೊಡ್ಡ ದನಿ, ಒಂದು ಚೀಲ ಶೇಂಗಾ. ಮಾವನ ಜೊತೆ ಬಾಲ್ಕನಿಯಲ್ಲಿ ಕೂತರು. ವಿಶ್ವ ಕಾಲ ಬುಡದಲ್ಲಿ, ಮಗುವಿನ ಹಾಗೆ.

"ಕಾಕಾ, ತುದಿಯಿಂದ ಏನೇನ್ ಕಾಣ್ತಿತ್ರೀ?"

"ಏನೋಪಾ... ನೀರು ಕಾಣ್ತಿತ್ತು. ಮತ್ತ... ಒಂದ್ ಶಿಲುಬಿ ಇತ್ತು. ಖರೇ ಹೇಳ್ಬೇಕಂದ್ರ ನನಗ ನೆಪ್ಪಿರೋದು ಬೊಬ್ಬಿ. ಹಿಮ್ಮಡದಾಗ ಇಷ್ಟಿಷ್ಟು ದೊಡ್ಡು ಬಂದಿದ್ವು. ಮತ್ತ ಕೆಳಗ ಬಂದ ಮ್ಯಾಲ ತಿಂದ ಚೀಸು. ಅದರ ವಾಸನಿ ಇನ್ನಾ ಮೂಗಿನ್ಯಾಗ ಐತಿ! ಉಳಿದದ್ದು ನಿಮ್ಮಪ್ಪನ್ನ ಕೇಳು, ಅಂವಗೆಲ್ಲಾ ಗೊತ್ತು."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಶೇಂಗಾ ಸಿಪ್ಪೆ ಒಟ್ಟುಗೂಡಿಸುತ್ತಿದ್ದರು.

ಹತ್ತಿದವರಿಗೆ ಬೊಬ್ಬೆ ನೆನಪಿದೆ. ಇಡೀ ಬೆಟ್ಟ ಹೊತ್ತು ತಿರುಗಿದವರು, ಹತ್ತದವರು.

ಆಗಸ್ಟ್ 10, ಭಾನುವಾರ. ಸಂಜೆ

ಭೀಮರಥ ಶಾಂತಿ ಆಯಿತು. ಹೋಮ, ಹೊಗೆ, ಎಪ್ಪತ್ತರ ಮದುಮಗ, ಅರವತ್ತೈದರ ಮದುಮಗಳು. ಅತ್ತೆ ಹಸಿರು ಸೀರೆಯಲ್ಲಿ ಎಷ್ಟು ಚೆಂದ! ನಾನು ಮಾವನಿಗೆ ಶಾಲು ಹೊದಿಸಿದೆ. ಫ್ರೇಮ್ ಇಲ್ಲ. ಪುಟದ ಪ್ರಿಂಟು ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ.

ನಾಲ್ಕು ಗಂಟೆಗೆ ಮನೆ ಖಾಲಿ. ವಿಶ್ವ ಕಾಕಾನನ್ನು ಬಸ್ಸಿಗೆ ಬಿಡಲು ಹೋದ. ಅತ್ತೆ ಮಲಗಿದ್ದರು. ಪ್ರಿಂಟ್ ತಂದು ಮಾವನ ಕೈಗೆ ಕೊಟ್ಟೆ.

ಕನ್ನಡಕ ಹಾಕಿ ಓದಿದರು. ಬಹಳ ಹೊತ್ತು. ಕೊನೆಗೆ:

"ಇಷ್ಟೆಲ್ಲಾ ಬರ್ದಾನಂತ ನನಗ ಗೊತ್ತ ಇರ್ಲಿಲ್ಲ. ಹೆಸರು ಹಾಕೀನಿ ಬಾ ಅಂದಿದ್ದ, ಅಷ್ಟ."

ಕನ್ನಡಕ ತೆಗೆದು ಮಾವ ಮುಂದುವರಿಸಿದರು.

"ಮೊದಲು ಸುಳ್ಳು ಹೇಳಿದಂವ ನಾ ಅಲ್ಲ, ದೀಪ್ತಿ. ಕಾರ್ಖಾನಿ ಕ್ಯಾಂಟೀನಿನ್ಯಾಗ ಅಮರೇಶಪ್ಪ 'ನಾವು ಹತ್ತಿದ್ವಿ' ಅಂದ. ನಾವು ಅಂದ. ಇಲ್ಲಿನ ಕನ್ನಡ ಸಂಘದವರು ಹಾರ ಹಾಕಿದ್ರು, ಶಾಲು ಹೊಚ್ಚಿದ್ರು. ಅಲ್ಲ ಅನ್ನಾಕ ಒಂದ್ ನಿಮಿಷ ಇತ್ತು ನೋಡು, ಆ ನಿಮಿಷ ಹೋತು. ಆಮ್ಯಾಲ ಪುಸ್ತಕ ಓದ್ಕೋತ ಹೋದೆ. ಓದಿಯಾದ್ರೂ ಹತ್ತೋಣಂತ."

ಪ್ರಿಂಟನ್ನು ಮಡಿಸಿದರು. ಮಡಿಕೆಯ ಮೇಲೆ ಉಗುರು ಎಳೆದರು.

"ಮಗಾ ನನ್ನ ಆ ಬೆಟ್ಟದ ಮ್ಯಾಲ ಕುಂದ್ರಿಸ್ಯಾನ. ಇಳಿಸಬ್ಯಾಡವಾ, ದೀಪ್ತಿ. ಈ ವಯಸ್ಸಿನ್ಯಾಗ ಎಲ್ಲಿ ಇಳೀಲಿ?"

ಒಪ್ಪಿಬಿಡುತ್ತಿದ್ದೆ. ಅಷ್ಟು ಸಣ್ಣವರಾಗಿ ಕಂಡರು, ಹೊಸ ಶಾಲಿನೊಳಗೆ. ಆದರೂ ಬಾಯಿ ಬಿಟ್ಟೆ. ಖಾಜಾಗುಡದ್ದು ಹೇಳಿದೆ. ಒಂದೊಂದೇ ಬೆರಳು ಬಿಡಿಸಿದ್ದು. ಸರೋವರದ ಗೋಡೆಗೆ ಬುಕಿಂಗ್ ಬದಲಾಯಿಸಿದ್ದು, ಯಾಕೆ ಬದಲಾಯಿಸಿದ್ದು.

"ಗ್ವಾಡಿ?" ಅಂದರು. "ಆ ಅಣ್ಣತಮ್ಮಂದಿರ ಗ್ವಾಡಿ?"

"ಹೂಂನ್ರೀ."

"ಅಂವಗೂ ಕೈ ಹಿಡಕೋತಾವು?"

"ಹಿಡಕೋತಾವ್ರೀ ಮಾವಾ. ಸಣ್ಣವ ಇದ್ದಾಗಿಂದ. ನಿಮಗ ಗೊತ್ತಾಗಬಾರದಂತ ಮುಚ್ಚಿಟ್ಕೊಂಡಾನ."

ಮಾವ ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಎದ್ದು ಒಳಗೆ ಹೋದರು. ಚಹಾ ಬೇಡ ಅಂದರು. ಐದೂಕಾಲಾಯಿತು, ಐದೂವರೆಯಾಯಿತು. ಕುರ್ಚಿ ಖಾಲಿ.

ನಾನು ಏನು ಮಾಡಿಬಿಟ್ಟೆ.

ಆಗಸ್ಟ್ 11, ಸೋಮವಾರ. ಬೆಳಿಗ್ಗೆ 6:40

ಬಾಲ್ಕನಿಯಲ್ಲಿ ದನಿ. ನಮ್ಮ ರೂಮಿನ ಕಿಟಕಿಗೆ ಕೇಳುತ್ತದೆ. ಮಾವ ವಿಶ್ವನನ್ನು ತಾವೇ ಎಬ್ಬಿಸಿ ಕರೆದುಕೊಂಡು ಹೋಗಿದ್ದಾರೆ. ನಾನು ಹಾಸಿಗೆಯ ತುದಿಯಲ್ಲಿ, ಡೈರಿ ತೊಡೆಯ ಮೇಲೆ. ಕೈ ಸುಮ್ಮನಿರಲಾರದು, ಅದಕ್ಕೆ ಬರೆಯುತ್ತಿದ್ದೇನೆ.

ಕಾಗದ ಬಿಚ್ಚುವ ಸದ್ದು.

"ಇದು ಖರೇನ ಆ ಪುಸ್ತಕದ್ದಾ ಪಪ್ಪಾ? ಎಲ್ಲಿ ಸಿಗ್ತು? ಓದ್ರೀ, ಓದ್ರೀ!"

ಓದುತ್ತಿದ್ದಾರೆ. ತಾರೀಖು. ತಾಲೂಕು, ಜಿಲ್ಲಾ. ವಿಶ್ವ ನಕ್ಕ. ಈಗ ಮೂರನೇ ಸಾಲು... ಬದಲಿಸುತ್ತಾರಾ? ಬದಲಿಸಬಹುದು. ಅವನಿಗೇನು ತಿಳಿಯುತ್ತದೆ. ದೇವರೇ.

ಓದಿದರು. ಇದ್ದ ಹಾಗೆ. ಕಾಲು ನಡುಗುತ್ತಿವೆ ಅಂತಲೂ. ಕೈ ಬಿಡಲಿಕ್ಕೆ ಬರುತ್ತಿಲ್ಲ ಅಂತಲೂ.

ಏನೂ ಕೇಳುತ್ತಿಲ್ಲ.

ಹಾಲಿನವನು ಬೆಲ್ ಒತ್ತಿ ಹೋದ. ಅತ್ತೆ ಬಾಗಿಲು ತೆಗೆದರು, ಮುಚ್ಚಿದರು.

ವಿಶ್ವ. "ಎರಡನೇ ಹಗ್ಗ ಅಂದ್ರ... ಎಷ್ಟು ಮ್ಯಾಲ ಬರ್ತೈತ್ರೀ ಪಪ್ಪಾ?"

"ಅರ್ಧಕ್ಕಿಂತ ತುಸು ಮ್ಯಾಲ. ಅಲ್ಲಿತನಾ ನಾ ಖರೇನ ಹೋಗೀನಿ. ಹೇಳ್ಲ್ಯಾ ಅಲ್ಲೀದು? ಅದನ್ನ ಯಾರಿಗೂ ಹೇಳಿಲ್ಲ. ಹೇಳಿದ್ರ ಕೂತಿದ್ದೆ ಅಂತ ಗೊತ್ತಾಗ್ತಿತ್ತು." ಕೆಮ್ಮಿದರು. "ನನ್ನ ಮುಖದ ಮುಂದ ಕಲ್ಲಿನ್ಯಾಗ ಒಂದ್ ಶಂಖ ಇತ್ತು, ಹೆಬ್ಬೆರಳಿನಷ್ಟು. ಎರಡ್ ತಾಸು ಅದನ್ನ ನೋಡ್ಕೋತ ಕೂತೆ. ಅದರ ಸುರುಳಿ ಎಣಿಸಿದೆ. ಆರು. ಮತ್ತ ಎಣಿಸಿದೆ. ಒಂದು ಹಳದಿ ಹೂವು ಬಿರುಕಿನ್ಯಾಗ. ಸರೋವರ ನೋಡ್ಲೇ ಇಲ್ಲಪಾ. ಬೆನ್ನು ಆ ಕಡೆ ಇತ್ತು."

ಈ ದನಿ ನಾನು ಕೇಳಿಲ್ಲ. ಪುಸ್ತಕದ್ದಲ್ಲ ಇದು. ಬಿಸಿಲು ಕಿಟಕಿಯಿಂದ ಒಳಗೆ ಬಂದಿದೆ, ಗೋಡೆಯ ಸುಣ್ಣ ಬೆಳ್ಳಗೆ ಹೊಳೆಯುತ್ತಿದೆ, ನಾನೂ ಆ ಕಲ್ಲಿಗೆ ಮುಖ ಹಚ್ಚಿ ಕೂತ ಹಾಗೆ...

"ಪಪ್ಪಾ." ವಿಶ್ವ. ದನಿ ಬೇರೆ ಥರ. "ಹೋದ ತಿಂಗಳು ಖಾಜಾಗುಡದಾಗ, ನನ್ನ ಕೈ—"

ಕಿಟಕಿ ಮುಚ್ಚುತ್ತೇನೆ. ಇದನ್ನು ನಾನು ಬರೆಯುವುದಿಲ್ಲ, ಇದು ಅವರಿಬ್ಬರದು.